ಶಿರಾಡಿಯ ತಿರುವು, ನಟ್ಟಿನ ಬಿಗಿ

ಹಾಸನದ ಬಯಲು ಮುಗಿದು ಸಕಲೇಶಪುರ ಸಮೀಪಿಸುತ್ತಿದ್ದಂತೆ ಗಾಳಿಯ ಗುಣವೇ ಬದಲಾಗುತ್ತದೆ. ಹೇಮಾವತಿಯ ಆಚೆ ಕಾಫಿ ತೋಟಗಳು, ತೋಟದ ನಡುವೆ ನೆಟ್ಟಗೆ ನಿಂತ ಸಿಲ್ವರ್ ಓಕ್ ಮರಗಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳು. ದೋಣಿಗಾಲ್ ಬಳಿ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಪೂರ್ಣಗೊಂಡ ಈ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಅಲ್ಲಿಂದ ಮುಂದೆ ಮಾರನಹಳ್ಳಿ. ಆಮೇಲೆ ರಸ್ತೆ ಇಳಿಯತೊಡಗುತ್ತದೆ. ಅದೇ ಶಿರಾಡಿ ಘಾಟಿ.

ಘಾಟಿಯಲ್ಲಿ ರಸ್ತೆಗೆ ಕೆಂಪುಹೊಳೆಯ ಜೊತೆ. ಒಮ್ಮೆ ಕಾಣಿಸಿಕೊಂಡು, ಒಮ್ಮೆ ಕಾಡಿನಲ್ಲಿ ಮರೆಯಾಗಿ ಹರಿಯುವ ಈ ನೀರು ಗುಂಡ್ಯ ಹೊಳೆಯಾಗಿ, ಕುಮಾರಧಾರೆಯನ್ನು ಸೇರಿ, ಕೊನೆಗೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಗುಂಡ್ಯದಲ್ಲಿ ಸುಬ್ರಹ್ಮಣ್ಯದ ದಾರಿ ಎಡಕ್ಕೆ ಕವಲೊಡೆದರೆ, ಹೆದ್ದಾರಿ ನೆಲ್ಯಾಡಿ, ಉಪ್ಪಿನಂಗಡಿ ಹಾದು ಬಂಟ್ವಾಳದ ಕಡೆಗೆ ಸಾಗುತ್ತದೆ. ಹಿಂದೆ 48 ಎಂಬ ಸಂಖ್ಯೆ ಹೊತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 75 ಎಂದು ಹೆಸರು. ಬಂಟ್ವಾಳದಿಂದ ಹೊರಟು ಹಾಸನ, ಬೆಂಗಳೂರು, ಕೋಲಾರಗಳನ್ನು ದಾಟಿ ತಮಿಳುನಾಡಿನ ವೆಲ್ಲೂರಿನವರೆಗೂ ಇದು ಹೋಗುತ್ತದೆ. ಮಂಗಳೂರು ಬಂದರಿನ ಸರಕು, ಅನಿಲ ತುಂಬಿದ ಟ್ಯಾಂಕರುಗಳು, ರಾತ್ರಿ ಬಸ್ಸುಗಳು, ಧರ್ಮಸ್ಥಳ–ಸುಬ್ರಹ್ಮಣ್ಯಗಳಿಗೆ ಹೊರಟ ಸಂಸಾರಗಳ ಕಾರುಗಳು, ಶಾಲಾ ಪ್ರವಾಸದ ವಾಹನಗಳು, ಎಲ್ಲಕ್ಕೂ ಇದೇ ದಾರಿ.

ಈ ದಾರಿಯನ್ನು ಬಣ್ಣಿಸುವವರು ಸಾಮಾನ್ಯವಾಗಿ ಕಾಡನ್ನೂ ಜಲಪಾತವನ್ನೂ ಮಂಜನ್ನೂ ಬಣ್ಣಿಸುತ್ತಾರೆ. ಅದರ ಅಂಚಿನಲ್ಲಿರುವ ಪಂಕ್ಚರ್ ಅಂಗಡಿಗಳನ್ನು ನೋಡುವವರು ಕಡಿಮೆ. ಚಕ್ರ ಕುಸಿದಾಗ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಒಂದು ಹಳೆಯ ಟಯರನ್ನು ಕಂಬಕ್ಕೆ ನೇತುಹಾಕಿದರೆ ಅದೇ ಬೋರ್ಡು. ತಗಡಿನ ಮಾಡು, ಗಡಗಡ ಸದ್ದಿನ ಕಂಪ್ರೆಸರ್, ಟ್ಯೂಬು ಮುಳುಗಿಸಿ ಗುಳ್ಳೆ ನೋಡುವ ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಉದ್ದನೆಯ ಕಬ್ಬಿಣದ ಪೈಪು. ಘಾಟಿಯ ಕೆಳಗಿನ ಅಂಗಡಿಗಳಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳ, ಎಲ್ಲ ಮಾತೂ ಕಿವಿಗೆ ಬೀಳುತ್ತದೆ. ಆ ಪೈಪನ್ನೇ ಸ್ವಲ್ಪ ಗಮನಿಸಬೇಕು. ಗ್ರಂಥಾಲಯದಲ್ಲಿ ನಿಘಂಟು ಇರುವ ಹಾಗೆ ಅಲ್ಲಿ ಆ ಪೈಪು. ಬೇರೆ ಎಲ್ಲ ಉಪಾಯ ಸೋತಾಗ ಕೈ ಅದರ ಕಡೆಗೆ ಹೋಗುತ್ತದೆ.

ಪಂಕ್ಚರ್ ಆದವರಿಗೆ ಸೂಜಿಯಷ್ಟು ಮೊಳೆ ದೊಡ್ಡ ಶತ್ರುವಲ್ಲ. ಗಾಳಿ ಹೋದ ಚಕ್ರವನ್ನು ಬಿಚ್ಚಿ ಸ್ಟೆಪ್ನಿ ಹಾಕಿಕೊಂಡರೆ ಅರ್ಧ ಗಂಟೆಯ ಕೆಲಸ. ನಿಜವಾದ ಶತ್ರು ಬಿಚ್ಚಲೊಪ್ಪದ ನಟ್ಟು. ತಿರುವಿನಲ್ಲಿ ಗಾಡಿ ನಿಂತಿದೆ, ಮಳೆ ಹನಿಯುತ್ತಿದೆ, ಕತ್ತಲಾಗುತ್ತಿದೆ, ಹಿಂದಿನಿಂದ ಲಾರಿಗಳ ದೀಪ ಬರುತ್ತಿದೆ. ಮೂರು ನಟ್ಟು ಬಂತು, ನಾಲ್ಕನೆಯದು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಘಾಟಿಯಲ್ಲಿ ಕಳೆದ ಒಂದೊಂದು ನಿಮಿಷವೂ ಅಪಾಯದ ನಿಮಿಷ. ಆದ್ದರಿಂದ ನಟ್ಟು ಯಾಕೆ ಹಠ ಹಿಡಿಯುತ್ತದೆ, ಅದನ್ನು ಹೇಗೆ ಒಲಿಸಬೇಕು ಎಂಬುದು ಮೆಕ್ಯಾನಿಕ್ಕಿಗೆ ಮಾತ್ರ ಬಿಡುವ ವಿಷಯವಲ್ಲ. ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ತಂದೆತಾಯಿಗಳೂ, ಹಿಂದಿನ ಸೀಟಿನಲ್ಲಿ ಕೂರುವ ವಿದ್ಯಾರ್ಥಿಗಳೂ ತಿಳಿದಿರಬೇಕಾದದ್ದು.

ರಸ್ತೆಯೂ ತಿರುಪೇ

ಗುಡ್ಡದ ಮೇಲಿಂದ ನೇರವಾಗಿ ಕೆಳಕ್ಕೆ ರಸ್ತೆ ಎಳೆದಿದ್ದರೆ ದೂರವೇನೋ ಕಡಿಮೆಯಾಗುತ್ತಿತ್ತು. ಆದರೆ ಯಾವ ಲಾರಿಯೂ ಹತ್ತುತ್ತಿರಲಿಲ್ಲ, ಇಳಿಯುವ ಯಾವ ಲಾರಿಯೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಗುಡ್ಡಗಾಡಿನ ರಸ್ತೆ ಬಳಸಿ ಬಳಸಿ ಹೋಗುತ್ತದೆ. ಇಪ್ಪತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಏರಬೇಕು ಅಥವಾ ಇಳಿಯಬೇಕು ಎಂಬಷ್ಟು ಮಂದವಾದ ಇಳಿಜಾರನ್ನು ರಸ್ತೆ ಎಂಜಿನಿಯರುಗಳು ಮೆಚ್ಚುತ್ತಾರೆ. ಇಳಿಜಾರು ಸಮತಲ ಎಂದು ಪಠ್ಯಪುಸ್ತಕದಲ್ಲಿ ಓದುವ ಸರಳ ಯಂತ್ರ ಇದೇ.

ಈಗ ಚಕ್ರದ ಬೋಲ್ಟನ್ನು ನೋಡಿ. ಒಂದು ಕಾಗದವನ್ನು ಓರೆಯಾಗಿ ತ್ರಿಕೋನಾಕಾರಕ್ಕೆ ಕತ್ತರಿಸಿ ಪೆನ್ಸಿಲಿಗೆ ಸುತ್ತಿದರೆ ಅದರ ಓರೆ ಅಂಚು ಸುರುಳಿಯಾಗಿ ಮೇಲೇರುತ್ತದೆ. ಬೋಲ್ಟಿನ ಥ್ರೆಡ್ ಎಂದರೆ ಅಷ್ಟೇ: ಕಂಬಕ್ಕೆ ಸುತ್ತಿದ ಇಳಿಜಾರು. ಅನೇಕ ಕಾರುಗಳ ಚಕ್ರದ ಬೋಲ್ಟು 12 ಮಿಲಿಮೀಟರು ದಪ್ಪ. ನಟ್ಟು ಒಂದು ಸುತ್ತು ತಿರುಗಿದರೆ ಮುಂದೆ ಸರಿಯುವುದು ಒಂದೂವರೆ ಮಿಲಿಮೀಟರು. ಆ ಒಂದು ಸುತ್ತಿನ ಉದ್ದವನ್ನು ಬಿಡಿಸಿ ಅಳೆದರೆ ಸುಮಾರು 35 ಮಿಲಿಮೀಟರು. ಭಾಗಿಸಿ ನೋಡಿದರೆ ಇಳಿಜಾರು ಇಪ್ಪತ್ತಮೂರಕ್ಕೆ ಒಂದು! ಘಾಟಿ ರಸ್ತೆಯ ಇಳಿಜಾರಿಗೂ ಚಕ್ರದ ನಟ್ಟಿನ ಒಳಗಿನ ಇಳಿಜಾರಿಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ದೊಡ್ಡ ತಿರುಪಿನ ಮೇಲೆ ಗಾಡಿ ಓಡುತ್ತಿದೆ, ಗಾಡಿಯ ಚಕ್ರವನ್ನು ಪುಟ್ಟ ತಿರುಪು ಹಿಡಿದುಕೊಂಡಿದೆ.

ಇಳಿಜಾರಿನಲ್ಲಿ ಬ್ರೇಕು ಹಾಕಿ ನಿಲ್ಲಿಸಿದ ಲಾರಿ ಜಾರಿಹೋಗದೆ ಇರುವುದು ಘರ್ಷಣೆಯ ಕೃಪೆಯಿಂದ. ನಟ್ಟಿನ ಕಥೆಯೂ ಹಾಗೆಯೇ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಏಳಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. ಇಪ್ಪತ್ತಮೂರಕ್ಕೆ ಒಂದು ಎಂಬ ಸೌಮ್ಯ ಇಳಿಜಾರಿನಲ್ಲಿ ಅದು ಜಾರುವುದೇ ಇಲ್ಲ. ಅದಕ್ಕೇ ಬಿಗಿದ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಬಿಗಿಯುವಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ರಬ್ಬರ್ ಬ್ಯಾಂಡಿನಂತೆ ಮತ್ತೆ ಕುಗ್ಗಲು ಹವಣಿಸುತ್ತಾ ಚಕ್ರವನ್ನು ಹಬ್ಬಿಗೆ ಅವುಚಿಕೊಂಡಿರುತ್ತದೆ. ಎಂಜಿನಿಯರುಗಳ ಸ್ಥೂಲ ಲೆಕ್ಕದಂತೆ, ಬಿಗಿಯಲು ಪಡುವ ನೂರು ಪಾಲು ಶ್ರಮದಲ್ಲಿ ಐವತ್ತು ಪಾಲು ನಟ್ಟಿನ ಬುಡದ ಘರ್ಷಣೆಗೆ, ನಲವತ್ತು ಪಾಲು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಉಳಿದ ಹತ್ತೇ ಪಾಲು ಬೋಲ್ಟನ್ನು ಹಿಗ್ಗಿಸುವುದಕ್ಕೆ. ಅಂದರೆ ನಟ್ಟಿನ ಹಠ ಎಂದು ನಾವು ಬೈಯುವುದು, ನಮ್ಮ ಪ್ರಾಣ ಕಾಯುವ ಘರ್ಷಣೆಯನ್ನೇ. ಅದು ಮಿತಿ ಮೀರಿದಾಗ ಮಾತ್ರ ತೊಂದರೆ.

ಮಿತಿ ಮೀರುವುದು ಹೇಗೆ?

ಶಿರಾಡಿಯ ಹಾದಿಯಲ್ಲಿ ಅದಕ್ಕೆ ಕಾರಣಗಳು ಹಲವು. ಮೊದಲನೆಯದು ಮಳೆ. ಪಶ್ಚಿಮ ಘಟ್ಟದ ಈ ಮಗ್ಗುಲಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದುಂಟು. ನೀರು ಮತ್ತು ಆಮ್ಲಜನಕ ಸೇರಿದರೆ ಕಬ್ಬಿಣಕ್ಕೆ ತುಕ್ಕು. ಕರಾವಳಿಯಲ್ಲಿ ಓಡಾಡುವ ಗಾಡಿಗೆ ಗಾಳಿಯಲ್ಲಿನ ಉಪ್ಪೂ ಅಂಟುತ್ತದೆ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಕಿರಿದಾದ ಸಂದಿಯಲ್ಲಿ ಅದು ಉಬ್ಬಿದರೆ ಬಾಗಿಲ ಸಂದಿಗೆ ಬೆಣೆ ಹೊಡೆದಂತೆ.

ಎರಡನೆಯದು ಬ್ರೇಕಿನ ಬಿಸಿ. ಹದಿನಾರು ಟನ್ ತೂಕದ ಲಾರಿಯೊಂದು ಘಾಟಿಯಲ್ಲಿ 700 ಮೀಟರು ಕೆಳಗಿಳಿಯಿತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಸುಮಾರು 11 ಕೋಟಿ ಜೂಲ್. ಸುಮಾರು 350 ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವ ಬಿಂದುವಿಗೆ ತರಲು ಇಷ್ಟು ಶಕ್ತಿ ಸಾಕು. ಇದರಲ್ಲಿ ಒಂದು ಪಾಲನ್ನು ಎಂಜಿನ್ನೂ ಗಾಳಿಯೂ ನುಂಗುತ್ತವೆ. ಚಾಲಕ ಕೆಳಗಿನ ಗೇರಿನಲ್ಲೇ ಇಳಿದರೆ ಎಂಜಿನ್ನಿನ ಪಾಲು ಹೆಚ್ಚು. ಉಳಿದದ್ದೆಲ್ಲ ಬ್ರೇಕ್ ಡ್ರಮ್ಮಿನಲ್ಲಿ ಬಿಸಿಯಾಗಿ, ಅಲ್ಲಿಂದ ಬೋಲ್ಟಿಗೂ ನಟ್ಟಿಗೂ ಹಬ್ಬುತ್ತದೆ. ಬಿಸಿಯಾಗುವುದು, ಮಳೆಯಲ್ಲಿ ಆರುವುದು, ಕೆಸರು ಮೆತ್ತುವುದು, ಮತ್ತೆ ಬಿಸಿಯಾಗುವುದು. ವರ್ಷಗಟ್ಟಲೆ ಹೀಗೆ ನಡೆದರೆ ಇಟ್ಟಿಗೆ ಗೂಡಿನಲ್ಲಿ ಮಣ್ಣು ಬೆಂದಂತೆ ಕೊಳೆಯೂ ತುಕ್ಕೂ ನಟ್ಟಿನ ಸುತ್ತ ಬೇಯುತ್ತವೆ.

ಮೂರನೆಯ ಕಾರಣ ಮನುಷ್ಯ. ಹಿಂದೆ ಕೈಯಲ್ಲಿ ಬಿಗಿಯುತ್ತಿದ್ದರು. ಈಗ ಗಾಳಿಯ ಒತ್ತಡದಲ್ಲಿ ಓಡುವ ಗನ್ನು ಬಂದಿದೆ. ಕಿರ್ ಎಂದು ಎರಡು ಸೆಕೆಂಡಿನಲ್ಲಿ ಒಂದು ನಟ್ಟು. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಗನ್ನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವವರು ಬೇಕು. ಸಾಮಾನ್ಯ ಕಾರಿನ ನಟ್ಟಿಗೆ 80ರಿಂದ 120 ನ್ಯೂಟನ್ ಮೀಟರಿನಷ್ಟು ಬಿಗಿ ಸಾಕು. ಯಾವ ಕಾರಿಗೆ ಎಷ್ಟು ಎಂಬುದನ್ನು ಅದರ ಕೈಪಿಡಿ ಹೇಳುತ್ತದೆ. ಅದನ್ನು ಲೆಕ್ಕಿಸದೆ ಗನ್ನಿನ ಕುದುರೆಯನ್ನು ಒತ್ತಿ ಹಿಡಿದರೆ ಬಿಗಿ ಎರಡು ಪಟ್ಟು, ಮೂರು ಪಟ್ಟು ಆಗಬಹುದು. ಬೋಲ್ಟಿನ ಸ್ಥಿತಿಸ್ಥಾಪಕತೆಯ ಮಿತಿಯೂ ದಾಟಬಹುದು. ಅತಿಯಾಗಿ ಎಳೆದ ರಬ್ಬರ್ ಬ್ಯಾಂಡು ಮತ್ತೆ ಮೊದಲಿನಂತಾಗದು. ಬೋಲ್ಟೂ ಅಷ್ಟೇ. ಊರಿನ ಅಂಗಡಿಯಲ್ಲಿ ಯಂತ್ರ ಬಿಗಿದದ್ದನ್ನು ಘಾಟಿಯ ನಡುವೆ ಕೈ ಬಿಚ್ಚಬೇಕಾಗುತ್ತದೆ ಎಂಬುದನ್ನು ಗನ್ನು ಹಿಡಿದವನು ನೆನೆಯುವುದಿಲ್ಲ.

ಸನ್ನೆಯ ಲೆಕ್ಕ

ಗಾಡಿಯೊಡನೆ ಬರುವ ಪಾನಾ ಸುಮಾರು ಒಂದು ಗೇಣು ಉದ್ದ. 25 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ಬಲಭ್ರಾಮಕ ಎಂದರೆ ಬಲವನ್ನು ದೂರದಿಂದ ಗುಣಿಸಿದ್ದು. 100 ನ್ಯೂಟನ್ ಮೀಟರು ಬಿಗಿದ ನಟ್ಟನ್ನು ಈ ಪಾನಾದಿಂದ ತಿರುಗಿಸಲು ತುದಿಯಲ್ಲಿ 400 ನ್ಯೂಟನ್ ಬಲ ಬೇಕು. ಅಂದರೆ ಸುಮಾರು 40 ಕಿಲೋ ತೂಕ ಹೇರಿದಷ್ಟು. ಪಾನಾದ ಹಿಡಿಗೆ ಪೈಪು ತೊಡಿಸಿ ಉದ್ದವನ್ನು ಅರ್ಧ ಮೀಟರು ಮಾಡಿದರೆ ಬೇಕಾದದ್ದು 20 ಕಿಲೋ ತೂಕದಷ್ಟು. ಒಂದು ಮೀಟರು ಮಾಡಿದರೆ ಹತ್ತೇ ಕಿಲೋ! ತುಕ್ಕು ಹಿಡಿದ ನಟ್ಟು ಇದರ ಎರಡು ಪಟ್ಟು ಕೇಳಿದರೂ ಹೈಸ್ಕೂಲು ಹುಡುಗಿಯೊಬ್ಬಳು ಆ ಬಲವನ್ನು ಕೊಡಬಲ್ಲಳು. ಪಂಕ್ಚರ್ ಅಂಗಡಿಯ ಸಣಕಲು ಹುಡುಗ ಲಾರಿಯ ನಟ್ಟನ್ನು ಬಿಚ್ಚುವ ಗುಟ್ಟು ಇದೇ. ದೊಡ್ಡ ಲಾರಿಗಳ ನಟ್ಟಿನ ಬಿಗಿ ಐನೂರು ನ್ಯೂಟನ್ ಮೀಟರನ್ನೂ ದಾಟುತ್ತದೆ. ಪೈಲ್ವಾನನ ತೋಳೂ ಒಂದು ಗೇಣಿನ ಪಾನಾ ಹಿಡಿದರೆ ಅಲ್ಲಿ ಸೋಲುತ್ತದೆ. ಶಕ್ತಿಗಿಂತ ಯುಕ್ತಿ ಮೇಲು ಎಂಬ ಗಾದೆಗೆ ಇದಕ್ಕಿಂತ ಸಾಕ್ಷಿ ಬೇಕೇ?

ಪಾನಾವನ್ನು ಯಾವ ದಿಕ್ಕಿಗೆ ಹಿಡಿಯಬೇಕೆಂಬುದರಲ್ಲೂ ಲೆಕ್ಕವಿದೆ. ಚಕ್ರಕ್ಕೆ ಎದುರಾಗಿ ಕೂತಾಗ ಪಾನಾದ ಹಿಡಿ ಎಡಗಡೆಗೆ, ನೆಲಕ್ಕೆ ಸಮಾಂತರವಾಗಿ ಇರಬೇಕು. ಆಗ ಕೆಳಕ್ಕೆ ಒತ್ತಿದರೆ ನಟ್ಟು ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ಬಿಚ್ಚುವ ಕಡೆಗೆ ತಿರುಗುತ್ತದೆ. ಮೈತೂಕವೇ ಕೆಲಸ ಮಾಡುತ್ತದೆ. ತೂಕ ನೇರ ಕೆಳಕ್ಕೆ ಎಳೆಯುವುದರಿಂದ ಹಿಡಿ ಅಡ್ಡವಾಗಿದ್ದಾಗಲೇ ಲಂಬದೂರ ಹೆಚ್ಚು, ಭ್ರಾಮಕವೂ ಹೆಚ್ಚು. ಹಿಡಿ ಓರೆಯಾದಷ್ಟೂ ಶ್ರಮ ವ್ಯರ್ಥ. ಕೆಲವು ಹಳೆಯ ಭಾರಿ ವಾಹನಗಳ ಎಡಬದಿಯ ಚಕ್ರಗಳಲ್ಲಿ ಮಾತ್ರ ಥ್ರೆಡ್ಡು ಉಲ್ಟಾ ಇರುತ್ತದೆ. ಅಲ್ಲಿ ಬಿಚ್ಚುತ್ತೇನೆಂದು ಹೊರಟವರು ಇನ್ನಷ್ಟು ಬಿಗಿದು ಕೂರುವುದುಂಟು.

ಜಾಕಿಗಿಂತ ಮುಂಚೆ

ಚಕ್ರ ನೆಲ ಬಿಟ್ಟ ಮೇಲೆ ನಟ್ಟು ತಿರುಗಿಸಹೊರಟರೆ ನಟ್ಟಿನ ಜೊತೆ ಚಕ್ರವೂ ತಿರುಗುತ್ತದೆ, ಜಾಕಿಯೂ ಅಲುಗುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಎಲ್ಲ ನಟ್ಟುಗಳನ್ನೂ ಅರ್ಧ ಸುತ್ತು ಸಡಿಲಿಸಿಕೊಂಡು, ಆಮೇಲೆ ಜಾಕಿ ಏರಿಸಬೇಕು. ಟಯರಿಗೂ ನೆಲಕ್ಕೂ ನಡುವಿನ ಘರ್ಷಣೆ ಚಕ್ರವನ್ನು ಹಿಡಿದಿರುತ್ತದೆ. ಒಂದು ಘರ್ಷಣೆಯನ್ನು ಗೆಲ್ಲಲು ಇನ್ನೊಂದು ಘರ್ಷಣೆಯ ನೆರವು!

ಅದಕ್ಕೂ ಮುಂಚಿನ ಮಾತು ಗಾಡಿ ನಿಲ್ಲಿಸುವ ಜಾಗ. ಗಾಳಿ ಹೋದ ಟಯರಿನಲ್ಲಿ ನಿಧಾನವಾಗಿ ನೂರಿನ್ನೂರು ಮೀಟರು ಸಾಗಿದರೆ ಟಯರು ಹಾಳಾಗಬಹುದು. ತಿರುವಿನಲ್ಲಿ ನಿಂತರೆ ಜೀವವೇ ಹಾಳಾಗಬಹುದು. ಸಮತಟ್ಟಾದ, ಎರಡೂ ಕಡೆಯಿಂದ ಕಾಣುವ ಜಾಗ ಸಿಗುವವರೆಗೆ ಸಾಗುವುದೇ ಮೇಲು. ಹ್ಯಾಂಡ್ ಬ್ರೇಕ್, ಗೇರು, ಮಿನುಗುವ ದೀಪ, ಕರ್ಣಕ್ಕೆ ಎದುರಿನ ಚಕ್ರಕ್ಕೆ ಕಲ್ಲಿನ ಒತ್ತು. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ಐವತ್ತು ಮೀಟರಾದರೂ ದೂರದಲ್ಲಿ, ತಿರುವಿದ್ದರೆ ತಿರುವಿಗೂ ಆಚೆ ಇಡಬೇಕು. ಮಕ್ಕಳನ್ನೂ ಹಿರಿಯರನ್ನೂ ಗಾಡಿಯಿಂದಿಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ನಮ್ಮಲ್ಲಿ ಸೊಪ್ಪಿನ ಕೊಂಬೆ ಮುರಿದು, ಕಲ್ಲುಗಳನ್ನು ಸಾಲಾಗಿಟ್ಟು ಎಚ್ಚರಿಸುವ ವಾಡಿಕೆಯುಂಟು. ವಾಡಿಕೆ ಒಳ್ಳೆಯದೇ. ಆದರೆ ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯ ಮೇಲೆಯೇ ಬಿಟ್ಟು ಹೋಗುವುದು ಕೆಟ್ಟ ವಾಡಿಕೆ. ಕತ್ತಲಲ್ಲಿ ಬರುವ ಬೈಕಿನವನಿಗೆ ಅದೇ ಯಮ.

ಶಿರಾಡಿಯ ಘಾಟಿ ಭಾಗಕ್ಕೆ 2015 ಮತ್ತು 2018ರಲ್ಲಿ ಸಂಚಾರ ನಿಲ್ಲಿಸಿ ಕಾಂಕ್ರೀಟು ಹಾಕಲಾಯಿತು. ಕಾಂಕ್ರೀಟಿನ ಅಂಚು ದಾಟಿದರೆ ಮಳೆಗಾಲದ ಕೆಂಪು ಮಣ್ಣು. ಆ ಮಣ್ಣಿನ ಮೇಲೆ ಜಾಕಿ ಇಟ್ಟರೆ ಗಾಡಿ ಏಳುವ ಬದಲು ಜಾಕಿ ಹೂಳುತ್ತದೆ. ಬಲ ಅಷ್ಟೇ ಇದ್ದರೂ ವಿಸ್ತೀರ್ಣ ಹೆಚ್ಚಾದರೆ ಒತ್ತಡ ಕಡಿಮೆ ಎಂಬುದು ಎಂಟನೆಯ ತರಗತಿಯ ಪಾಠ. ಜಾಕಿಯ ಕೆಳಗೆ ಒಂದು ಗಟ್ಟಿ ಮರದ ಹಲಗೆ ಇಟ್ಟರೆ ಪಾಠ ಕೈಗೆ ಬಂದಂತೆ. ಈ ಮಣ್ಣು ಎಷ್ಟು ಸಡಿಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಗುಡ್ಡವೇ ಕುಸಿದು ಸಂಚಾರ ನಿಂತಿತ್ತು. ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ಕೈಕಾಲು ಹಾಕಬಾರದು ಎಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಹಠಮಾರಿಯನ್ನು ಒಲಿಸುವುದು

ಮೊದಲು ಪಾನಾ ಸರಿಯಾದ ಅಳತೆಯದ್ದೇ ನೋಡಬೇಕು. ನಟ್ಟಿಗೆ ಆರು ಮುಖ. ಆರು ಮುಖಗಳನ್ನೂ ಹಿಡಿಯುವ ಸಾಕೆಟ್ಟು ಉತ್ತಮ. ಅಳತೆ ಚೂರು ದೊಡ್ಡದಾದರೂ ಬಲವೆಲ್ಲ ಮೂಲೆಗಳ ಮೇಲೆ ಬಿದ್ದು ಮೂಲೆ ಸವೆಯುತ್ತದೆ. ಮೂಲೆ ಸವೆದು ಗುಂಡಗಾದ ನಟ್ಟನ್ನು ಪಾನಾ ಹಿಡಿಯುವುದೇ ಇಲ್ಲ. ಸಾಕೆಟ್ಟನ್ನು ನಟ್ಟಿನ ಬುಡದವರೆಗೆ ಕೂರಿಸಿ, ಕೈಯಿಂದ ಒತ್ತಿ ಹಿಡಿದು, ಜರ್ಕು ಹೊಡೆಯದೆ ಬಲವನ್ನು ಏರಿಸುತ್ತಾ ಹೋಗಬೇಕು. ಪಾನಾದ ಮೇಲೆ ಹತ್ತಿ ಕುಣಿಯುವ ರೂಢಿ ಇದೆ. ಸಾಕೆಟ್ಟು ಜಾರಿದರೆ ಮೊಣಕಾಲೋ ಹಲ್ಲೋ ಹೋಗುತ್ತದೆ.

ಆಗಲೂ ಬಾರದಿದ್ದರೆ ತಾಳ್ಮೆ. ತುಕ್ಕು ಕರಗಿಸಲೆಂದೇ ಸಿಗುವ ತೆಳು ಎಣ್ಣೆ, ಅದಿಲ್ಲದಿದ್ದರೆ ಸೀಮೆಎಣ್ಣೆಯ ಒಂದೆರಡು ಹನಿ, ಬೋಲ್ಟಿನ ತುದಿಗೂ ನಟ್ಟಿನ ಬುಡಕ್ಕೂ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುವುದು ಯಾವ ತತ್ತ್ವದಿಂದಲೋ ಅದೇ ಕೇಶಾಕರ್ಷಣೆಯಿಂದ ಎಣ್ಣೆ ಕಣ್ಣಿಗೆ ಕಾಣದ ಸಂದಿಗೂ ನುಗ್ಗುತ್ತದೆ. ಆದರೆ ಅದಕ್ಕೆ ಹತ್ತು ಹದಿನೈದು ನಿಮಿಷ ಕೊಡಬೇಕು. ಹಾಕಿದ ಕೂಡಲೇ ತಿರುಗಿಸಹೊರಟರೆ ಹಾಕದಂತೆಯೇ. ಬ್ರೇಕಿನ ಭಾಗಗಳಿಗೆ ಒಂದು ಹನಿಯೂ ತಾಗಕೂಡದು. ಇಳಿಜಾರು ಇಳಿದು ಆಗಷ್ಟೇ ನಿಂತ ಗಾಡಿಯಾದರೆ ಚಕ್ರ ಆರುವವರೆಗೂ ಎಣ್ಣೆಯ ಮಾತೇ ಬೇಡ.

ಕಾಯುವ ಹೊತ್ತಿನಲ್ಲಿ ಸುತ್ತಿಗೆಯಿಂದ ನಟ್ಟಿನ ತಲೆಗೆ ನಾಲ್ಕಾರು ಹದವಾದ ಏಟು ಕೊಟ್ಟರೆ ಗಡುಸು ತುಕ್ಕಿನ ಪದರ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಆಮೇಲೆ ಅನುಭವಿಗಳ ಒಂದು ಉಪಾಯ: ಬಿಚ್ಚುವ ಮುಂಚೆ ಒಂದು ಎಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸುವುದು, ಕೂಡಲೇ ಎದುರು ದಿಕ್ಕಿಗೆ. ಕಟ್ ಎಂದು ಸಣ್ಣ ಸದ್ದು ಬಂದರೆ ಗೆದ್ದಂತೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲಕ್ಕಿಂತ ಕದಲಿದ ವಸ್ತುವನ್ನು ಸರಿಸಲು ಬೇಕಾದ ಬಲ ಕಡಿಮೆ. ನಿಶ್ಚಲ ಘರ್ಷಣೆ, ಚಲನ ಘರ್ಷಣೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುವ ವ್ಯತ್ಯಾಸ ಆ ಒಂದು ಸದ್ದಿನಲ್ಲಿದೆ.

ಬೆಂಕಿ ಹಚ್ಚಿ ನಟ್ಟು ಕಾಯಿಸುವ ಸಾಹಸ ಮಾತ್ರ ಕೂಡದು. ಗಾಳಿ ತುಂಬಿದ ಟಯರಿನ ಪಕ್ಕ ಬೆಂಕಿ ಹಿಡಿದರೆ ಒಳಗಿನ ಒತ್ತಡ ಏರುತ್ತದೆ, ರಬ್ಬರು ಬಿಸಿಗೆ ವಿಘಟನೆಗೊಂಡು ಅನಿಲ ಹುಟ್ಟುತ್ತದೆ, ಟಯರು ಬಾಂಬಿನಂತೆ ಸಿಡಿಯಬಹುದು. ಅನಿಲದ ಟ್ಯಾಂಕರುಗಳು ಓಡಾಡುವ ರಸ್ತೆಯಲ್ಲಂತೂ ಬೆಂಕಿಯ ಯೋಚನೆಯೇ ತಪ್ಪು.

ಟೋಪಿಯ ತಂಟೆ

ಕೆಲವೊಮ್ಮೆ ನಟ್ಟಿನವರೆಗೆ ತಲುಪುವುದೇ ಒಂದು ಸಮಸ್ಯೆ. ಚಕ್ರದ ಅಂದಕ್ಕೆಂದು ಹಾಕಿದ ಪ್ಲಾಸ್ಟಿಕ್ ಕ್ಯಾಪು ಅಡ್ಡ ಬರುತ್ತದೆ. ಬಹುಪಾಲು ಕ್ಯಾಪುಗಳು ಹಿಂಬದಿಯ ಕೊಕ್ಕೆಗಳಿಂದ ರಿಮ್ಮಿಗೆ ಕಚ್ಚಿಕೊಂಡಿರುತ್ತವೆ. ಬಟ್ಟೆ ಸುತ್ತಿದ ಚಪ್ಪಟೆ ತುದಿಯ ಸ್ಕ್ರೂಡ್ರೈವರನ್ನು ಅಂಚಿನಲ್ಲಿ ತೂರಿಸಿ, ಒಂದೇ ಕಡೆ ಮೀಟದೆ, ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಬೇಕು. ದೋಸೆಯನ್ನು ಕಾವಲಿಯಿಂದ ಎಬ್ಬಿಸುವ ಹಾಗೆ. ಒಂದೇ ಕಡೆ ಬಲ ಹಾಕಿದರೆ ಕೊಕ್ಕೆ ಮುರಿಯುತ್ತದೆ. ಕೆಲವು ಕಾರುಗಳಲ್ಲಿ ಕ್ಯಾಪನ್ನು ನಟ್ಟುಗಳೇ ಹಿಡಿದಿರುತ್ತವೆ. ಅಲ್ಲಿ ಎಷ್ಟು ಮೀಟಿದರೂ ಬಾರದು, ನಟ್ಟು ಬಿಚ್ಚಿದರೆ ತಾನಾಗಿ ಬರುತ್ತದೆ. ಒಂದೊಂದು ನಟ್ಟಿಗೂ ಪುಟ್ಟ ಟೋಪಿ ಇರುವ ಗಾಡಿಗಳಲ್ಲಿ ಅದನ್ನು ಕೀಳಲು ಚಿಮಟದಂಥ ಸಾಧನವನ್ನು ಕಂಪೆನಿಯವರೇ ಕೊಟ್ಟಿರುತ್ತಾರೆ. ಹೊಳೆಯುವ ತಗಡಿನ ಹೊದಿಕೆಯ ನಟ್ಟುಗಳಲ್ಲಿ ಹೊದಿಕೆಯೊಳಗೆ ತುಕ್ಕು ಉಬ್ಬಿ, ಪಾನಾವೇ ಕೂರದಂತಾಗುವುದೂ ಇದೆ. ಕಳ್ಳರ ಭಯಕ್ಕೆ ಬೀಗದ ನಟ್ಟು ಹಾಕಿಸಿದವರು ಅದರ ಕೀಲಿಯನ್ನು ಮನೆಯ ಬೀರುವಿನಲ್ಲಿಟ್ಟು ಘಾಟಿಗೆ ಬಂದರೆ, ಕಳ್ಳರ ಜೊತೆ ಯಜಮಾನನಿಗೂ ಬೀಗ!

ನಟ್ಟೆಲ್ಲ ಬಂದ ಮೇಲೂ ಚಕ್ರ ಬಾರದಿರಬಹುದು. ಡಿಸ್ಕು ಮತ್ತು ಹಬ್ಬು ತುಕ್ಕಿನಲ್ಲಿ ಅಂಟಿಕೊಂಡಿರುತ್ತವೆ. ಆಗ ಎರಡು ನಟ್ಟುಗಳನ್ನು ನಾಲ್ಕಾರು ಸುತ್ತು ಮತ್ತೆ ಹಾಕಿಟ್ಟು, ಟಯರಿನ ಪಕ್ಕಕ್ಕೆ ಅಂಗಾಲಿನಿಂದ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಒದೆಯಬೇಕು, ಜಾಕಿ ಅಲುಗದಷ್ಟು ಹದವಾಗಿ. ಚಕ್ರ ಬಿಟ್ಟುಕೊಂಡರೂ ನಟ್ಟುಗಳು ಹಿಡಿದಿರುತ್ತವೆ, ಮೈಮೇಲೆ ಬೀಳುವುದಿಲ್ಲ.

ನಟ್ಟಿನ ಗೋಜೇ ಬೇಡವೆಂದು ಹಿಂದೊಬ್ಬ ಉಪಾಯ ಹೂಡಿದ್ದ. ಆರಂಭದ ಮೋಟಾರು ಗಾಡಿಗಳಿಗೆ ಹೆಚ್ಚಿನ ಚಕ್ರವೇ ಇರುತ್ತಿರಲಿಲ್ಲ. ಪಂಕ್ಚರಾದರೆ ರಸ್ತೆಯಲ್ಲೇ ಕೂತು ತೇಪೆ ಹಾಕಬೇಕಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಥ್ಲಿ ಊರಿನ ಥಾಮಸ್ ಮಾರಿಸ್ ಡೇವಿಸ್ ಎಂಬಾತ, ಗಾಳಿ ಹೋದ ಚಕ್ರವನ್ನು ಬಿಚ್ಚದೆಯೇ ಅದರ ಪಕ್ಕಕ್ಕೆ ಕಚ್ಚಿಸಿ ಓಡಿಸಬಹುದಾದ, ಅರಗಳಿಲ್ಲದ ಗಾಳಿ ತುಂಬಿದ ರಿಮ್ಮೊಂದನ್ನು ರೂಪಿಸಿದ. ಆತನ ಕಾರ್ಯಾಗಾರವಿದ್ದದ್ದು ಆ ಊರಿನ ಸ್ಟೆಪ್ನಿ ಬೀದಿಯಲ್ಲಿ. ಆ ಸಾಧನ ಎಂದೋ ಮಾಯವಾಯಿತು. ಬೀದಿಯ ಹೆಸರು ಮಾತ್ರ ಸಮುದ್ರ ದಾಟಿ ಬಂದು ಉಪ್ಪಿನಂಗಡಿಯ ಅಂಗಡಿಯಲ್ಲೂ ಉಳಿದಿದೆ. ಆ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಹೊರಡುವ ಮುಂಚೆ ನೋಡದವರಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

ಬಿಗಿಯುವವನ ಹೊಣೆ

ಬಿಚ್ಚಿದ್ದಾಯಿತು. ಇನ್ನು ಬಿಗಿಯುವ ಸರದಿ. ಅರ್ಧ ಪಾಠ ಇರುವುದೇ ಇಲ್ಲಿ. ಥ್ರೆಡ್ಡಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮುಂದೆ ಸುಲಭವಾಗಿ ಬರಲಿ ಎಂದು ಗ್ರೀಸು ಬಳಿಯುವವರಿದ್ದಾರೆ. ಘರ್ಷಣೆ ಕಡಿಮೆಯಾದಾಗ ಅದೇ ಬಲಕ್ಕೆ ಬೋಲ್ಟು ಇನ್ನಷ್ಟು ಹಿಗ್ಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಕೈಪಿಡಿ ಹೇಳದ ಹೊರತು ಚಕ್ರದ ಬೋಲ್ಟು ಒಣಗಿಯೇ ಇರಬೇಕು.

ನಟ್ಟಿನ ಚೂಪು ಭಾಗ ಚಕ್ರದ ಕಡೆಗೆ. ಮೊದಲು ಎಲ್ಲವನ್ನೂ ಬರಿಗೈಯಿಂದ ತಿರುಗಿಸಬೇಕು. ಬೆರಳಿಗೆ ಥ್ರೆಡ್ಡು ಓರೆ ಕೂತಿದ್ದು ಗೊತ್ತಾಗುತ್ತದೆ, ಪಾನಾಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಎದುರುಬದುರಾಗಿ ಬಿಗಿಯುವುದು. ಐದು ನಟ್ಟುಗಳಾದರೆ ಕೈ ಎತ್ತದೆ ನಕ್ಷತ್ರ ಬರೆಯುವ ಕ್ರಮ. ಮಂಜರಾಬಾದ್ ಕೋಟೆ ನೋಡಿ ಬಂದ ಮಕ್ಕಳಿಗೆ ನಕ್ಷತ್ರದ ನೆನಪು ಕಷ್ಟವಾಗದು. ಸಾಲಾಗಿ ಬಿಗಿದರೆ ಚಕ್ರ ಒಂದು ಕಡೆಗೆ ವಾಲಿ ಕೂರುತ್ತದೆ. ಜಾಕಿ ಇಳಿಸಿದ ಮೇಲೆ ಕೊನೆಯ ಬಿಗಿ, ಪೈಪು ತೊಡಿಸದ ಪಾನಾದಿಂದ. ಪೈಪು ಬಿಚ್ಚುವುದಕ್ಕೆ ಮಾತ್ರ. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷೆ. ಅವಕಾಶವಿದ್ದಾಗ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ಪಾನಾ ಇರುವಲ್ಲಿ ನೋಡಿಸುವುದು ಇನ್ನೂ ಒಳ್ಳೆಯದು.

ಸಡಿಲವಾದರೆ ಚಕ್ರ ಕಳಚುತ್ತದೆ, ಅತಿಯಾದರೆ ಬೋಲ್ಟು ಮುರಿಯುತ್ತದೆ ಅಥವಾ ತಿರುವಿನಲ್ಲಿ ಯಾರನ್ನೋ ಅಸಹಾಯಕರನ್ನಾಗಿ ನಿಲ್ಲಿಸುತ್ತದೆ. ಬಿಗಿಯುವವನು ಒಬ್ಬ, ಬಿಚ್ಚುವವನು ಇನ್ನೊಬ್ಬ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಬಿಚ್ಚುವವನು ಬಹುಶಃ ಮಳೆಯಲ್ಲಿ ನೆನೆಯುತ್ತಿರುತ್ತಾನೆ, ಅಥವಾ ಮಕ್ಕಳನ್ನು ರಸ್ತೆಯಾಚೆ ನಿಲ್ಲಿಸಿ ಒಬ್ಬಳೇ ಪಾನಾ ಹಿಡಿದ ತಾಯಿಯಾಗಿರುತ್ತಾಳೆ. ಹದವಾಗಿ ಬಿಗಿಯುವುದೆಂದರೆ ಕಾಣದ ಆ ವ್ಯಕ್ತಿಗೆ ಸಲ್ಲಿಸುವ ಉಪಕಾರ.

ಇದಕ್ಕೆ ಘಾಟಿಗೇ ಹೋಗಬೇಕೆಂದಿಲ್ಲ. ಪ್ರವಾಸ ಹೊರಡುವ ಹಿಂದಿನ ಭಾನುವಾರ ಮನೆಯಂಗಳದ ಸಮತಟ್ಟಾದ ನೆಲದಲ್ಲಿ, ಜಾಕಿ ಏರಿಸದೆ, ಹಿರಿಯರು ಪಕ್ಕದಲ್ಲಿದ್ದು, ಒಂದೊಂದಾಗಿ ನಟ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿದು ನೋಡಲಿ. ಒಂದು ನಟ್ಟು ಬಾರದಿದ್ದರೆ ಊರಿನಲ್ಲೇ ಸರಿಪಡಿಸಿಕೊಳ್ಳಲು ಹೊತ್ತಿದೆ. ಮಕ್ಕಳು ಪಾನಾದ ಉದ್ದವನ್ನು ಅಳೆಯಲಿ, ತಮ್ಮ ತೂಕದಿಂದ ಗುಣಿಸಲಿ, ಎಷ್ಟು ನ್ಯೂಟನ್ ಮೀಟರು ಬಂತೆಂದು ಹೇಳಲಿ. ಗಾಡಿಯ ಡಿಕ್ಕಿಯಲ್ಲಿ ಒಂದು ಮರದ ಹಲಗೆ, ಒಂದು ಮೊಳದ ಪೈಪು, ಒಂದು ಪುಟ್ಟ ಎಣ್ಣೆ ಡಬ್ಬಿ, ಒಂದು ಟಾರ್ಚು ಜಾಗ ಪಡೆಯಲಿ. ಅಂಗಳದಲ್ಲಿ ಕಲಿತ ಕೈಗೆ ಘಾಟಿಯ ಕತ್ತಲಲ್ಲಿ ನಟ್ಟು ಹೊಸದಾಗಿ ಕಾಣುವುದಿಲ್ಲ.